ಸಂಖ್ಯಾಶಾಸ್ತ್ರವೂ ಸಂಡಿಗೆಯೂ

ಗಂಡನ ವಿದ್ಯೆಯಿಂದ ಮನೆಗೆ ಏನಾದರೂ ಉಪಯೋಗವಾಗಲಿ ಎಂದು ಹೆಂಡತಿ ಬಯಸುವುದು ಸಹಜ. ಡಾಕ್ಟರಾದರೆ ಜ್ವರ ನೋಡುತ್ತಾನೆ, ಬ್ಯಾಂಕಿನವನಾದರೆ ಹರಿದ ನೋಟನ್ನಾದರೂ ಬದಲಾಯಿಸಿಕೊಂಡು ಬರುತ್ತಾನೆ. ನಾನು ಸಂಖ್ಯಾಶಾಸ್ತ್ರದ, ಅಂದರೆ ಸ್ಟ್ಯಾಟಿಸ್ಟಿಕ್ಸಿನ ಮೇಷ್ಟ್ರು. ಮೈಸೂರು ಬಿಟ್ಟು ಕಾಶಿಯ ವಿಶ್ವವಿದ್ಯಾಲಯ ಸೇರಿ, ಭೇಲೂಪುರದಲ್ಲಿ ಮನೆ ಹಿಡಿದಾಗಿನಿಂದ ನನ್ನ ವಿದ್ಯೆಯಿಂದ ಕವಡೆ ಕಾಸಿನ ಪ್ರಯೋಜನವಾಗಿಲ್ಲ ಎಂಬುದು ನನ್ನ ಹೆಂಡತಿ ಸರೋಜಳ ದೂರು. ಈ ಸಲವಂತೂ ನಷ್ಟವೇ ಆಯಿತು.

ನಮ್ಮ ವಾರ್ಡಿನಲ್ಲಿ ಕೋತಿಗಳ ಕಾಟ ವಿಪರೀತ. ಕೋತಿಗಳಿಗೆ ಕಪ್ಪು ಮೂತಿಯ ಮುಸಿಯನನ್ನು ಕಂಡರೆ ಹೆದರಿಕೆ. ಹಾಗಾಗಿ ಮುಸಿಯನಂತೆ ಕೂಗಬಲ್ಲ ಒಬ್ಬನನ್ನು ದಿನಾ ಬೆಳಿಗ್ಗೆ ಗಲ್ಲಿಗಳಲ್ಲಿ ಕೂಗಿಸೋಣ ಎಂದು ನಗರ ಪಾಲಿಕೆಯವರು ಯೋಚಿಸಿದರು. ಹೊಸ ಅಧಿಕಾರಿ ಓದಿಕೊಂಡವರು. ಊರಿಗೆಲ್ಲ ಹಬ್ಬಿಸುವ ಮೊದಲು ಶಾಸ್ತ್ರೋಕ್ತವಾಗಿ ಪರೀಕ್ಷಿಸಬೇಕೆಂದು ನನ್ನನ್ನು ಕರೆಸಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಚೀಟಿ ಎತ್ತಿ ಅರ್ಧ ಗಲ್ಲಿಗಳಲ್ಲಿ ಕೂಗಿಸುವುದು, ಉಳಿದರ್ಧವನ್ನು ಇದ್ದ ಹಾಗೇ ಬಿಡುವುದು, ಆಮೇಲೆ ಎರಡನ್ನೂ ಹೋಲಿಸುವುದು ಎಂದು ಗೊತ್ತುಮಾಡಿದೆ. ಚೀಟಿಯನ್ನು ನಾನೇ ಎತ್ತಿದೆ. ನಮ್ಮ ಗಲ್ಲಿಗೆ ಕೂಗು ಸಿಗಲಿಲ್ಲ.

"ರೀ, ಎತ್ತಿದ್ದು ನಿಮ್ಮ ಕೈ ತಾನೆ?" ಎಂದಳು ಸರೋಜ.

"ಬೇಕಾದ್ದನ್ನ ಎತ್ತಿದ್ರೆ ಅದು ಸಂಶೋಧನೆ ಆಗಲ್ಲ ಕಣೇ."

"ಇಲ್ಲಿ ಸಂಡಿಗೆ ಆಗಲ್ಲವಲ್ಲ, ಅದಕ್ಕೇನು ಹೇಳ್ತೀರಿ?"

ಆ ಸಂಡಿಗೆ ಸಾಮಾನ್ಯದ್ದಲ್ಲ. ಯುಗಾದಿಗೆ ಹನುಮಾನ್ ಘಾಟಿನಲ್ಲಿ ಕನ್ನಡದವರೆಲ್ಲ ಸೇರಿ ಊಟ ಮಾಡುತ್ತೇವೆ, ಆ ಊಟಕ್ಕೆ ಸಂಡಿಗೆ ಸರೋಜಳದ್ದೇ. ನಮ್ಮ ಮಕ್ಕಳು ಜಗಳವಾಡುವುದು ಹಿಂದಿಯಲ್ಲಿ, ಅಳುವುದೂ ಹಿಂದಿಯಲ್ಲಿ, ಸಂಡಿಗೆ ಕೇಳುವುದು ಮಾತ್ರ ಕನ್ನಡದಲ್ಲಿ. ಅದು ಸರೋಜಳ ಸಾಧನೆ. ಅದನ್ನು ನೆನೆದರೆ ನನಗೂ ಒಳಗೊಳಗೇ ಹೆಮ್ಮೆ.

ಪ್ರಯೋಗ ಶುರುವಾಯಿತು. ಕೂಗಿದ ಗಲ್ಲಿಗಳು ಶಾಂತವಾದವು. ನಮ್ಮ ಮಹಡಿಯಲ್ಲಿ ಹಿಂದೆಂದೂ ನೋಡದ ಮುಖಗಳು ಕಾಣಿಸಿಕೊಂಡವು. ಸರೋಜ ಇಟ್ಟ ಸಂಡಿಗೆಯನ್ನು ಪಂಕ್ತಿಯಲ್ಲಿ ಕೂತವರಂತೆ ತಿಂದು ಮುಗಿಸಿದವು. ಅಂಕಿಗಳನ್ನು ನೋಡಿ ಅಧಿಕಾರಿಗಳು ಕುಣಿಯುವುದೊಂದು ಬಾಕಿ. "ಎಂಥ ವ್ಯತ್ಯಾಸ, ಪ್ರೊಫೆಸರ್ ಸಾಹೇಬ್!" ಎಂದರು. ನಾನೂ ಕುಣಿಯಬಹುದಿತ್ತು, ಆದರೆ ಮಹಡಿಯ ಖಾಲಿ ಚಾಪೆ ಕಣ್ಣಿಗೆ ಕಟ್ಟಿತ್ತು. ಇಡೀ ವಾರ್ಡನ್ನು ಒಟ್ಟಿಗೆ ಎಣಿಸೋಣ ಎಂದೆ. ಎಣಿಸಿದರೆ ಒಂದು ಕೋತಿಯೂ ಕಡಿಮೆಯಾಗಿರಲಿಲ್ಲ, ಎಲ್ಲವೂ ಮನೆ ಬದಲಾಯಿಸಿದ್ದವು ಅಷ್ಟೇ. ಇದರಿಂದ ಊರಿಗೆ ಪ್ರಯೋಜನವಿಲ್ಲ, ಕಾಟ ಪಕ್ಕದವರಿಗೆ ದಾಟುತ್ತದೆ ಎಂದು ಬರೆದುಕೊಟ್ಟೆ. ಅಧಿಕಾರಿಗಳು ಸಪ್ಪಗಾದರೂ ಒಪ್ಪಿಕೊಂಡು ಯೋಜನೆಯನ್ನು ಕೈಬಿಟ್ಟರು.

ಮನೆಗೆ ಬಂದು ಸರೋಜಳಿಗೆ ಎಲ್ಲವನ್ನೂ ವಿವರಿಸಿದೆ. ಮದುವೆಯಾದ ಮೇಲೆ ಮೊದಲ ಸಲ ನನ್ನ ಸಂಶೋಧನೆಯನ್ನು ಅವಳು ಪೂರ್ತಿ ಕೇಳಿದಳು.

"ಅಂದ್ರೆ ಕೂಗಿದ ಕಡೆ ಕೋತಿ ಬರಲ್ಲ ಅಂತಾಯ್ತು."

"ಅಲ್ಲಿ ಬರಲ್ಲ. ಆದ್ರೆ ಒಟ್ಟು ಊರಿಗೆ ನೋಡಿದ್ರೆ..."

"ಊರು ಹಾಗಿರಲಿ. ಯುಗಾದಿಗೆ ಇನ್ನೂ ಟೈಮಿದೆ. ನಾನು ಸಂಡಿಗೆ ಹಿಟ್ಟು ಬೇಯಿಸ್ತೀನಿ, ನೀವು ಮಹಡಿಗೆ ಹೋಗಿ ಕೂಗಿ."

ಈಗ ದಿನಾ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ "ಹೂಪ್! ಹೂಪ್!" ಎನ್ನುತ್ತೇನೆ. ಸಂಡಿಗೆ ಗರಿಗರಿಯಾಗಿ ಒಣಗುತ್ತಿದೆ. ಕಾಫಿ ಕೇಳದೆಯೇ ಮಹಡಿಗೆ ಬರುತ್ತಿದೆ. ನಿಜ ಹೇಳಬೇಕೆಂದರೆ ನಾನು ಸುಖವಾಗಿದ್ದೇನೆ.

ನಿನ್ನೆ ಪಕ್ಕದ ಮನೆಯ ಮಿಶ್ರಾಜಿ ಹರಿದ ಅಂಗಿ ಹಿಡಿದು ಗೋಡೆಯ ಹತ್ತಿರ ಬಂದರು. "ಪ್ರೊಫೆಸರ್ ಸಾಹೇಬ್, ಇದ್ದಕ್ಕಿದ್ದ ಹಾಗೆ ನಮ್ಮ ಮನೆಗೇ ಇಷ್ಟೊಂದು ಕೋತಿಗಳು! ಪಾಪ, ನೀವೂ ದಿನಾ ಕೂಗಿಕೊಳ್ಳುವುದು ಕೇಳಿಸುತ್ತದೆ. ಇದರ ಮೇಲೆ ಯಾರಾದರೂ ರಿಸರ್ಚ್ ಮಾಡಬಾರದೇ?"

"ನಡೀತಾ ಇದೆ, ಮಿಶ್ರಾಜಿ," ಎಂದೆ.