ನಾಲ್ಕು ಗಂಟೆಯ ಗಂಟು

ಎಪ್ಪತ್ತೊಂದು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ಬದುಕಿದವಳು ನಾನು. (ನಮ್ಮ ಯಜಮಾನರು ಅನ್ನುತ್ತಿದ್ದರು. ಆದರೆ ಅವರು ಹೋಗಿ ಹನ್ನೆರಡು ವರ್ಷವಾಯಿತು, ಹೋದವರ ಮೇಲೆ ದೂರು ಹೇಳಬಾರದು.) ಅಂಥವಳನ್ನು, ಒಂದೂವರೆ ವರ್ಷದ ಮೊಮ್ಮಗಳ ಎಡಗೆನ್ನೆ ತಂದು ಕಟಕಟೆಯಲ್ಲಿ ನಿಲ್ಲಿಸಿತು.

ನನ್ನ ಮಗ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಕಂಡವರ ಕಟ್ಟಡಗಳಲ್ಲಿ ಮೇಲೆ ಕೆಳಗೆ ಸಲೀಸಾಗಿ ಓಡಾಡುತ್ತಾನೆ. ಮನೆಗೆ ಬಂದರೆ ಮಾತ್ರ ಅಮ್ಮನಿಗೂ ಹೆಂಡತಿಗೂ ನಡುವೆ, ಎರಡು ಮಹಡಿಗಳ ಮಧ್ಯೆ ಸಿಕ್ಕಿಕೊಂಡ ಲಿಫ್ಟಿನಂತೆ ನಿಂತುಬಿಡುತ್ತಾನೆ. ಸೊಸೆ ಬಿಸ್ಕತ್ತು ಕಾರ್ಖಾನೆಯಲ್ಲಿ ತಪಾಸಣೆಯವಳು. ಸಾಲಾಗಿ ಸಾಗಿಬರುವ ಸಾವಿರ ಬಿಸ್ಕತ್ತಿನಲ್ಲಿ ಮೂಲೆ ಮುರಿದದ್ದು ಒಂದೇ ಒಂದಿದ್ದರೂ ಅವಳ ಕಣ್ಣಿಗೆ ಬೀಳುತ್ತದೆ. (ಮೂಲೆ ಮುರಿದ ಅತ್ತೆ ಬೀಳದಿರುತ್ತಾಳೆಯೇ?) ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಂಜೆ ಐದರವರೆಗೆ ಮಗು ನನ್ನ ಸುಪರ್ದಿನಲ್ಲಿ. ಮಗುವನ್ನು ನಾವೆಲ್ಲ ಚೂಟಿ ಅನ್ನುತ್ತೇವೆ. ನನ್ನ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳದೆ ಅವಳಿಗೆ ನಿದ್ದೆ ಬರುವುದಿಲ್ಲ. ಎರಡೂವರೆಗೆ ಹಿಡಿಯುತ್ತಾಳೆ, ಮೂರಕ್ಕೆ ಬಿಡುತ್ತಾಳೆ, ನಾಲ್ಕು ಹತ್ತಕ್ಕೆ ಏಳುತ್ತಾಳೆ. ಗಡಿಯಾರವನ್ನು ಅವಳನ್ನು ನೋಡಿ ಸರಿಮಾಡಬಹುದು.

ಒಂದು ಸೋಮವಾರ ಸೊಸೆ ಕೆಲಸದಿಂದ ಬಂದವಳು ಚಪ್ಪಲಿ ಕೂಡ ಬಿಡದೆ ಮಗುವಿನ ಮುಖವನ್ನು ಬೆಳಕಿಗೆ ತಿರುಗಿಸಿದಳು. ಎಡಗೆನ್ನೆಯ ಮೇಲೆ ಕೆಂಪಗೆ ಉಬ್ಬಿದ ದದ್ದು. ಕೋಟಿನ ಗುಂಡಿಯಷ್ಟು ದೊಡ್ಡದು. (ನನ್ನ ಅಳತೆಯೆಲ್ಲ ಗುಂಡಿಯಲ್ಲೇ. ನಲವತ್ತು ವರ್ಷ ದರ್ಜಿ ಅಂಗಡಿಯಲ್ಲಿ ಗುಂಡಿ ಹಚ್ಚಿ, ಗುಂಡಿ ತೂರುವ ಕಾಜಾವನ್ನು ಕೈಯಲ್ಲೇ ಹೊಲಿದವಳು.)

"ಅತ್ತೆ, ಏನು ಕೊಟ್ರಿ ಇವತ್ತು?"

"ಗಂಜಿ."

"ಗಂಜಿ ಜೊತೆಗೆ?"

"ಚಮಚ."

"ತಮಾಷೆ ಬೇಡ ಅತ್ತೆ. ಬೇರೆ ಏನೋ ಕೊಟ್ಟಿದೀರಿ."

"ಅರ್ಧ ಮೊಟ್ಟೆ ಕೊಟ್ಟೆ. ನೀನೇ ಬೇಯಿಸಿಟ್ಟು ಹೋದದ್ದು."

ಅಂದಿನಿಂದ ಮೊಟ್ಟೆ ಬಂದ್. ಮಂಗಳವಾರ ಮತ್ತೆ ದದ್ದು. ಟೊಮೆಟೊ ಬಂದ್. ಬುಧವಾರ ಕಿತ್ತಳೆಗೆ ಗಡೀಪಾರಾಯಿತು. ಗುರುವಾರ ಹಾಲು, ಶುಕ್ರವಾರ ಗೋಧಿ, ಶನಿವಾರ ಮೀನು. ಅಡುಗೆಮನೆಯ ಬಾಗಿಲಿಗೆ ಸೊಸೆ, ಮೇಲೆ ಮಗುವಿನ ಹೆಸರು, ಕೆಳಗೆ ಬಂದ್ ಆದವುಗಳ ಪಟ್ಟಿ ಬರೆದ ಒಂದು ಕಾಗದ ಅಂಟಿಸಿದಳು. ಅದು ದಿನದಿನಕ್ಕೆ ಬಾಗಿಲಿನ ಕೆಳಗೆ ಕೆಳಗೆ ಬೆಳೆಯಿತು. ಎರಡು ವಾರದಲ್ಲಿ ಮಗುವಿನ ಪಾಲಿಗೆ ಉಳಿದದ್ದು ಅಕ್ಕಿ ಗಂಜಿ, ಕುಂಬಳಕಾಯಿ, ಕ್ಯಾರೆಟ್ಟು, ಬಾಳೆಹಣ್ಣು. ಚೂಟಿ ತಟ್ಟೆ ನೋಡುವಳು, ನನ್ನ ಮುಖ ನೋಡುವಳು, ಕುಂಬಳಕಾಯಿಯನ್ನು ತೆಗೆದು ನನ್ನ ಕನ್ನಡಕಕ್ಕೆ ಬಳಿಯುವಳು. ನಾನು ಒರೆಸುವೆ, ಅವಳು ಬಳಿಯುವಳು. ಇಷ್ಟಾದರೂ ಸಂಜೆ ಐದಕ್ಕೆ ಎಡಗೆನ್ನೆಯ ದದ್ದು ತಪ್ಪದೆ ಹಾಜರ್. ರಾತ್ರಿ ಊಟದ ಹೊತ್ತಿಗೆ ತಾನಾಗಿ ಮಾಯ.

ನಾನೂ ಸುಮ್ಮನಿರುವವಳಲ್ಲ. ಒಂದು ಸಂಜೆ ಹೇಳಿಯೇಬಿಟ್ಟೆ: "ನೋಡಮ್ಮಾ, ನೀನು ಕಾರ್ಖಾನೆಯಿಂದ ಬರುವಾಗ ತಲೆ ತುಂಬ ಮೈದಾ, ಏಲಕ್ಕಿ ಪುಡಿ. ಬಂದವಳೇ ಮಗೂನ ತಬ್ಬಿಕೊಳ್ತೀಯ. ದದ್ದು ಬರದೆ ಇನ್ನೇನು ಬರುತ್ತೆ?"

"ನಾನು ಬರೋ ಮೊದಲೇ ಬಂದಿರುತ್ತಲ್ಲ ಅತ್ತೆ!"

ಅದೂ ಸರಿ. ನಾನು ಕುಂಬಳಕಾಯಿ ಹೆಚ್ಚಲು ಹೋದೆ.

ಅವಳ ಕಣ್ಣು ಬಿಸ್ಕತ್ತಿನ ಕಣ್ಣೆಂದು ಹೇಳಿದೆನಲ್ಲ, ಮೂರನೆಯ ವಾರ ಅದು ಇನ್ನೊಂದು ಬಿರುಕನ್ನು ಹಿಡಿಯಿತು. "ರೀ, ನೋಡಿದ್ರಾ? ಭಾನುವಾರ ಬರೋದೇ ಇಲ್ಲ. ನಾವಿಬ್ರೂ ಮನೇಲಿರೋ ದಿನ ಕೆನ್ನೆ ಕನ್ನಡಿ ಹಾಗಿರುತ್ತೆ. ನಾವು ಹೋದ್ರೆ ಕೆಂಪು. ಅತ್ತೆ ನಮಗೆ ಗೊತ್ತಾಗದ ಹಾಗೆ ಏನೋ ತಿನ್ನಿಸ್ತಿದಾರೆ."

ಮಗ ನನ್ನ ಕಡೆ ತಿರುಗಿದ. "ಅಮ್ಮಾ, ಪಾಪ ಅಂತ ಏನಾದ್ರೂ ಒಂಚೂರು..."

"ನನ್ನ ಕೈಯಾರೆ ಒಂದು ಅಗುಳು ಹೆಚ್ಚಿಗೆ ಹಾಕಿದ್ರೆ ಈ ಕೈ ಸೂಜಿ ಹಿಡಿಯದೆ ಹೋಗಲಿ ಕಣೋ!"

"ಅವಳು ಹೇಳೋದರಲ್ಲೂ ಅರ್ಥ ಇದೆ. ನೀನು ಹೇಳೋದೂ ನಿಜ ಇರಬಹುದು," ಎಂದ ನ್ಯಾಯಮೂರ್ತಿ, ಎರಡು ಮಹಡಿಗಳ ಮಧ್ಯದಿಂದ.

ಸೊಸೆ ತೀರ್ಪು ಕೊಟ್ಟಳು. ಮುಂದಿನ ತಿಂಗಳ ಒಂದನೆಯ ತಾರೀಕಿನಿಂದ ಚೂಟಿಯನ್ನು ಪಕ್ಕದ ರಸ್ತೆಯ ಶಿಶುಪಾಲನಾ ಕೇಂದ್ರಕ್ಕೆ ಬಿಡುವುದು. ನಾನು ಒಂದು ಸಲ ಹೋಗಿ ಅದರ ಕಿಟಕಿಯಲ್ಲಿ ಇಣುಕಿ ಬಂದೆ. ಹದಿನಾರು ಮಕ್ಕಳು, ನೋಡಿಕೊಳ್ಳುವವರು ಇಬ್ಬರು. ಇಬ್ಬರಿಗೆ ಸೇರಿ ಕಿವಿ ನಾಲ್ಕು. ನನ್ನ ಚೂಟಿಯ ಸರದಿ ಯಾವಾಗ ಬಂದೀತು? ಮನೆಗೆ ಬಂದವಳು ನನ್ನ ಕಿವಿಯನ್ನು ನಾನೇ ಹಿಡಿದುಕೊಂಡು ಕೂತೆ.

ಅದಕ್ಕೆ ಮೊದಲು ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸೋಣ ಎಂದು ಮಗ ಧೈರ್ಯ ಮಾಡಿ ಹೇಳಿದ. ಡಾಕ್ಟರಮ್ಮ ಮೆಲುಮಾತಿನವರು. ಎಲ್ಲ ಕೇಳಿಸಿಕೊಂಡು ಹೇಳಿದರು: "ಹದಿನೈದು ದಿನ ಬಿಡದೆ ಬರೆದಿಡಿ. ಏನು ತಿಂತು, ಎಷ್ಟೊತ್ತಿಗೆ, ದದ್ದು ಎಲ್ಲಿ ಬಂತು, ಎಷ್ಟು ದೊಡ್ಡದು. ಹಗಲು ಮಗು ಜೊತೆ ಯಾರಿರ್ತಾರೋ ಅವರೇ ಬರೀಬೇಕು."

"ಅತ್ತೆಗೆ ಬರೆಯೋದು ಅಷ್ಟಾಗಿ..." ಎಂದು ಸೊಸೆ ಮಾತು ನುಂಗಿದಳು.

ನಿಜವೇ. ನನಗೆ ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟು ಬರುತ್ತದೆ. ಒಂದು ಪುಟ ಬರೆಯುವ ಹೊತ್ತಿನಲ್ಲಿ ಒಂದು ಕೋಟು ಹೊಲಿದುಬಿಡಬಹುದು. ಡಾಕ್ಟರಮ್ಮ ನಕ್ಕು, "ಹೇಗಾದ್ರೂ ಗುರುತು ಹಾಕಿ ಅಜ್ಜಿ. ನಿಮಗೆ ತಿಳಿದರೆ ಸಾಕು" ಎಂದರು.

ಅಷ್ಟು ಸಾಕಾಗಿತ್ತು ನನಗೆ. ಮನೆಗೆ ಬಂದು ಗುಂಡಿ ಡಬ್ಬಿ ತೆಗೆದೆ. (ಈ ಡಬ್ಬಿಯನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಒಳಗೆ ಸೂಜಿಯಿದೆ ಎಂದು ಹೆದರಿಸಿಟ್ಟಿದ್ದೇನೆ.) ಒಂದು ಗೇಣು ಅಗಲದ ಬಿಳಿ ಬಟ್ಟೆ ಕತ್ತರಿಸಿದೆ. ದಿನಕ್ಕೊಂದು ಸಾಲು. ಗಂಜಿಗೆ ಬೂದು ದಾರ, ಕುಂಬಳಕಾಯಿಗೆ ಹಳದಿ, ಕ್ಯಾರೆಟ್ಟಿಗೆ ಕಿತ್ತಳೆ ಬಣ್ಣ, ಬಾಳೆಹಣ್ಣಿಗೆ ತಿಳಿ ಹಸಿರು. ಒಂದು ಚಮಚಕ್ಕೆ ಒಂದು ಹೊಲಿಗೆ. ದದ್ದು ಬಂದರೆ ಕೆಂಪು ದಾರದಲ್ಲಿ ಒಂದು ಸುತ್ತು, ಅಂಗಿ ಗುಂಡಿಯಷ್ಟೋ ಕೋಟು ಗುಂಡಿಯಷ್ಟೋ, ಇದ್ದ ಗಾತ್ರಕ್ಕೆ ಸರಿಯಾಗಿ. ದಿನವೂ ನಾಲ್ಕಕ್ಕೆ, ಮಗು ಏಳುವ ಮೊದಲು, ಅಂದಿನ ಸಾಲು ಹೊಲಿದು ಮುಗಿಸುವೆ. ಕೆಂಪು ಸುತ್ತೊಂದನ್ನು ಮಾತ್ರ ಆಮೇಲೆ ಸೇರಿಸುವೆ. (ಆ ಹತ್ತು ನಿಮಿಷದಲ್ಲಿ ನನಗೆ ಇನ್ನೊಂದು ಸಣ್ಣ ಸ್ವಂತ ಕೆಲಸವೂ ಇರುತ್ತದೆ. ಅದು ಇಲ್ಲಿ ಅಪ್ರಸ್ತುತ.)

ಹದಿನೈದು ದಿನ ಹೀಗೆ ನಡೆಯಿತು. ನಡುವೆ ನನಗೊಂದು ಬ್ರಹ್ಮಾಸ್ತ್ರ ಸಿಕ್ಕಿತು. ಎರಡನೆಯ ವಾರದ ಬುಧವಾರ, ಅವರಿಬ್ಬರೂ ಕೆಲಸಕ್ಕೆ ಹೋದ ದಿನವೇ, ದದ್ದು ಬರಲಿಲ್ಲ! ನಾನು ಮಗುವಿನ ಕೆನ್ನೆಯನ್ನು ಕನ್ನಡಕ ಒರೆಸಿಕೊಂಡು ನಾಲ್ಕು ಸಲ ನೋಡಿದೆ. ನುಣ್ಣಗೆ ಬೆಣ್ಣೆ. ಬಾಯಿ ಬಿಡಲಿಲ್ಲ ನಾನು. ಡಾಕ್ಟರ ಮುಂದೆಯೇ ಬಿಡುವ ಬಾಣ ಅದು.

ಮಂಗಳವಾರ ಮೂವರೂ ಮಗುವನ್ನು ಎತ್ತಿಕೊಂಡು ಹೋದೆವು. ನಾನು ಬಟ್ಟೆಯನ್ನು ಡಾಕ್ಟರಮ್ಮನ ಮೇಜಿನ ಮೇಲೆ ಹಾಸಿ, ಸುಕ್ಕು ತೀಡಿದೆ. ಅವರು ಪೆನ್ನು ಕೆಳಗಿಟ್ಟುಬಿಟ್ಟರು.

"ಅಜ್ಜಿ! ಇಷ್ಟು ಅಚ್ಚುಕಟ್ಟಾದ ಲೆಕ್ಕ ನನ್ನ ಹತ್ತಿರ ಯಾರೂ ತಂದಿಲ್ಲ."

ನಾನು ಸೊಸೆಯ ಕಡೆ ನೋಡಲಿಲ್ಲ. ನೋಡಲಿಲ್ಲ ಎಂಬುದು ಅವಳಿಗೆ ತಿಳಿಯುವ ಹಾಗೆ ನೋಡಲಿಲ್ಲ.

"ಡಾಕ್ಟರೇ," ಎಂದೆ, "ನಾನು ಕದ್ದು ತಿನ್ನಿಸ್ತೀನಿ, ಅದಕ್ಕೇ ಭಾನುವಾರ ಬರಲ್ಲ ಅಂತ ನಮ್ಮ ಮನೇಲಿ ತೀರ್ಮಾನ ಆಗಿದೆ. ಹಾಗಾದ್ರೆ ಈ ಬುಧವಾರ ನೋಡಿ. ಇವರಿಬ್ರೂ ಮನೇಲಿಲ್ಲ. ನಾನೊಬ್ಬಳೇ. ಗಂಜಿ ಅದೇ, ಕುಂಬಳಕಾಯಿ ಅದೇ. ಕೆಂಪು ಎಲ್ಲಿದೆ? ತೋರಿಸಲಿ ನೋಡೋಣ!"

ಸೊಸೆ ಬಗ್ಗಿದಳು. ಬಿಸ್ಕತ್ತಿನ ಸಾಲು ನೋಡುವಂತೆ ಬಟ್ಟೆಯ ಈ ತುದಿಯಿಂದ ಆ ತುದಿಗೆ ಕಣ್ಣು ಓಡಿಸಿದಳು. ಒಂದು ಕಡೆ ಕಣ್ಣು ನಿಂತಿತು. ಬೆರಳಿಟ್ಟಳು.

"ಅತ್ತೆ, ಸಾಲಿನ ಕೊನೇಲಿ ಇದೇನು, ಬಿಳೀ ಗಂಟು?"

"ಎಲ್ಲಿ?"

"ಬಿಳಿ ಬಟ್ಟೆ ಮೇಲೆ ಬಿಳಿ ದಾರ. ಇಲ್ಲಿ ನೋಡಿ. ಸೋಮವಾರ ಇದೆ, ಮಂಗಳವಾರ ಇದೆ... ಭಾನುವಾರ ಇಲ್ಲ. ಡಾಕ್ಟರೇ, ಈ ಬುಧವಾರಾನೂ ಇಲ್ಲ. ಹನ್ನೆರಡು ಕೆಂಪು ಇದೆ, ಹನ್ನೆರಡು ಬಿಳಿ ಗಂಟಿದೆ. ಒಂದೊಂದಕ್ಕೂ ಜೋಡಿ."

ನಾನು ಬಟ್ಟೆ ನೋಡಿದೆ. ದರ್ಜಿ ಅಂಗಡಿಯಲ್ಲಿ ನಲವತ್ತು ವರ್ಷ ಒಂದು ರೂಢಿಯಿತ್ತು. ನಾಲ್ಕು ಗಂಟೆಗೆ ಕೈಕೆಲಸ ನಿಲ್ಲಿಸಿ ಬಾಯಾಡಿಸಲು ಏಳುವಾಗ, ಎಲ್ಲಿಗೆ ಬಿಟ್ಟೆವೆಂದು ತಿಳಿಯಲಿ ಅಂತ ಕೊನೆಗೊಂದು ಬಿಳಿ ಗಂಟು. ಬಾಯಾಡಿಸಲು ಏಳದಿದ್ದರೆ ಗಂಟಿಲ್ಲ. ನಾನು ಹಾಕಿದ್ದಲ್ಲ ಅದು, ಕೈ ಹಾಕಿದ್ದು. ನನ್ನ ಕೈ ನನಗೆ ಹೇಳದೆ ನನ್ನ ಮೇಲೇ ಸಾಕ್ಷಿ ಬರೆದಿತ್ತು.

"ಅಜ್ಜಿ," ಡಾಕ್ಟರಮ್ಮ ಇನ್ನೂ ಮೆಲ್ಲಗೆ ಕೇಳಿದರು, "ಇದು ಮಗು ತಿಂದದ್ದಾ?"

"ಮಗು ತಿಂದದ್ದಲ್ಲ."

"ಮತ್ತೆ?"

ಸುಳ್ಳು ಹೇಳಬಹುದಿತ್ತು. ಆದರೆ ಸೊಸೆಯ ಸೊಂಟದ ಮೇಲಿದ್ದ ಚೂಟಿ ಅಷ್ಟರಲ್ಲಿ ಬಗ್ಗಿ ನನ್ನ ಕಿವಿ ಹಿಡಿದಳು. ಅವಳು ಕಿವಿ ಹಿಡಿದಿದ್ದಾಗ ನನಗೆ ಸುಳ್ಳು ಹೊರಡುವುದಿಲ್ಲ.

"ನಾನು ತಿಂದದ್ದು. ಗೋಡಂಬಿ. ಉಪ್ಪು ಖಾರ ಹಾಕಿ ಹುರಿದದ್ದು. ದಿನಕ್ಕೆ ಆರು, ಈಚೆಗೆ ಶುರುಮಾಡಿದ್ದು. ಗುಂಡಿ ಡಬ್ಬೀಲಿ, ಗುಂಡಿಗಳ ಕೆಳಗೆ ಇಟ್ಟಿದೀನಿ. ಬುಧವಾರ ಮುಗಿದುಹೋಗಿತ್ತು, ಗುರುವಾರ ತಂದೆ. ಭಾನುವಾರ ಇವರು ಮನೇಲಿರ್ತಾರೆ, ಡಬ್ಬಿ ತೆಗೆಯೋಕಾಗಲ್ಲ."

"ಅಮ್ಮಾ!" ಮಗ ಕೊನೆಗೂ ಒಂದು ಮಹಡಿಗೆ ಬಂದು ನಿಂತ. "ನಿನಗೆ ಬಿ.ಪಿ. ಇದೆ, ಉಪ್ಪು ಮುಟ್ಟಬಾರದು ಅಂತ ಹೇಳಿಲ್ವಾ!"

"ಒಂದು ಸಲಕ್ಕೆ ಒಂದು ಮೊಕದ್ದಮೆ ಸಾಕು ಕಣೋ," ಎಂದೆ.

"ತಿಂದಾದ ಮೇಲೆ ಏನು ಮಾಡ್ತೀರಿ?" ಡಾಕ್ಟರಮ್ಮ.

"ನಾಲ್ಕು ಹತ್ತಕ್ಕೆ ಮಗು ಏಳುತ್ತೆ. ಎತ್ಕೋತೀನಿ. ಎರಡು ಮುತ್ತು ಕೊಡ್ತೀನಿ."

"ಯಾವ ಕೆನ್ನೆಗೆ?"

"ಎಡಕ್ಕೆ. ಅವಳು ಬಲ ಮಗ್ಗುಲಾಗಿ ಮಲಗೋದು. ಮೇಲಿರೋ ಕೆನ್ನೆಗೆ ತಾನೆ..."

ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ. ಮೇಯ್ದದ್ದನ್ನು ಬಣ್ಣದ ದಾರದಲ್ಲಿ ಹೊಲಿದು ತಂದ ಬೇಲಿ ನಾನೊಬ್ಬಳೇ ಇರಬೇಕು.

ಡಾಕ್ಟರಮ್ಮ ಮಗುವಿನ ತೋಳಿನ ಮೇಲೆ ಒಂದೊಂದು ಆಹಾರದ ಸತ್ವದ ಹನಿಯನ್ನು ಸಾಲಾಗಿ ಇಟ್ಟು, ಚರ್ಮ ತಾಕಿತೋ ಇಲ್ಲವೋ ಎಂಬಷ್ಟು ಸೂಜಿಮೊನೆ ಚುಚ್ಚಿ ನೋಡಿದರು. ಮೊಟ್ಟೆ, ಹಾಲು, ಗೋಧಿ, ಮೀನು ಎಲ್ಲವೂ ತಣ್ಣಗಿದ್ದವು. ಗೋಡಂಬಿ ಕಾಲು ಗಂಟೆಯಲ್ಲಿ ಅಂಗಿ ಗುಂಡಿಯಷ್ಟು ಉಬ್ಬಿತು. "ತುಟಿ ತಾಕಿದ್ದಕ್ಕೇ ಇಷ್ಟು," ಎಂದರು ಅವರು. "ಒಂದು ಚೂರು ಹೊಟ್ಟೆಗೆ ಹೋಗಿದ್ರೆ ಆಸ್ಪತ್ರೆಗೆ ಓಡಬೇಕಾಗ್ತಿತ್ತೋ ಏನೋ. ಇನ್ನು ಮನೇಲಿ ಗೋಡಂಬಿ ಇರಲೇಬಾರದು." ಆರು ಗೋಡಂಬಿಯನ್ನೂ ಎಣಿಸಿ ತಿನ್ನುವವಳು ನಾನು. ಎಂದಾದರೂ ಅದರಲ್ಲೊಂದು ಕೈಜಾರಿ ನೆಲಕ್ಕೆ ಬಿದ್ದಿದ್ದರೆ? ನೆಲದಲ್ಲಿ ಬಿದ್ದದ್ದೆಲ್ಲ ಚೂಟಿಯ ಬಾಯಿಗೇ ಹೋಗುವುದು.

ಮನೆ ಬಾಗಿಲಲ್ಲಿ ನಾನೇ ಕೇಳಿದೆ: "ಒಂದನೇ ತಾರೀಕಿಗೆ ಮಗೂನ ಕೇಂದ್ರಕ್ಕೆ ಬಿಡ್ತೀಯಲ್ಲ. ಅವಳ ಬಟ್ಟೆ ಜೋಡಿಸಿಡಲಾ?"

ಸೊಸೆ ಬೀಗ ತೆಗೆಯುತ್ತ ತಿರುಗಿ ನೋಡದೆ ಹೇಳಿದಳು: "ಬೇಡ ಅತ್ತೆ. ಆ ಕೇಂದ್ರದವರು ಒಂದೊಂದು ಚಮಚಕ್ಕೂ ಒಂದು ಹೊಲಿಗೆ ಹಾಕ್ತಾರಾ? ಮಗು ನಿಮ್ಮ ಹತ್ತಿರಾನೇ ಇರಲಿ." ಬಾಗಿಲು ತಳ್ಳಿ, "ನೀವು ಮಾತ್ರ ನನ್ನ ತಪಾಸಣೇಲಿ ಇರ್ತೀರಿ" ಎಂದಳು.

ಹಾಗೇ ಆಯಿತು. ಬಾಗಿಲಿನ ಕಾಗದದಿಂದ ಮಗುವಿನ ಹೆಸರು ಹೋಗಿ ನನ್ನದು ಬಂತು. ಚೂಟಿ ಈಗ ಮೊಟ್ಟೆ, ಮೀನು, ಕಿತ್ತಳೆ, ಹಾಲು ಎಲ್ಲವನ್ನೂ ಚಪ್ಪರಿಸುತ್ತಾಳೆ. ಗುಂಡಿ ಡಬ್ಬಿಯಲ್ಲಿ ನನಗೆ ಸೊಸೆ ಕ್ಯಾರೆಟ್ಟಿನ ತುಂಡುಗಳನ್ನಿಟ್ಟು ಹೋಗುತ್ತಾಳೆ. ನಾಲ್ಕು ಹತ್ತಕ್ಕೆ ಎದ್ದ ಚೂಟಿ ಮೊದಲು "ಅಜ್ಜಿ, ಆ!" ಅನ್ನುತ್ತಾಳೆ. (ಅಮ್ಮ ಹೇಳಿಕೊಟ್ಟದ್ದು.) ನಾನು ಬಾಯಿ ಕಳೆಯಬೇಕು. ಉಳಿದ ಒಂಬತ್ತು ಹಲ್ಲನ್ನೂ ಬೆರಳಿಟ್ಟು ಮುಟ್ಟಿ ನೋಡಿ, ಆಮೇಲೆ ಕೆನ್ನೆ ಕೊಡುತ್ತಾಳೆ.

ಸಾಲದ್ದಕ್ಕೆ ಸೊಸೆ ಹೊಸ ಬಟ್ಟೆಯೊಂದನ್ನು ಕತ್ತರಿಸಿ, ದಿನವೂ ಸಂಜೆ ನಾನು ತಿಂದದ್ದನ್ನು ಸಾಲು ಹೊಲಿಯುತ್ತಾಳೆ. ಅದೇನು ಹೊಲಿಗೆಯೋ, ಕುಡಿದವನು ನಡೆದ ದಾರಿಯ ಹಾಗೆ! ನನ್ನ ಕಣ್ಣು ಅದನ್ನು ಸಹಿಸುವುದಿಲ್ಲ. ಅವಳು ಮಲಗಲು ಹೋದ ಮೇಲೆ ಕೂತು, ನನ್ನ ಮೇಲಿನ ಆರೋಪಪಟ್ಟಿಯನ್ನು ನಾನೇ ಬಿಚ್ಚಿ, ನಾನೇ ನೆಟ್ಟಗೆ ಹೊಲಿದಿಡುತ್ತೇನೆ.

ಮೊನ್ನೆ ಹಾಗೆ ಹೊಲಿದು ಮುಗಿಸುವಾಗ ಈ ಹಾಳು ಕೈ, ತನ್ನ ಪಾಡಿಗೆ ತಾನು, ಸಾಲಿನ ಕೊನೆಗೆ ಒಂದು ಬಿಳಿ ಗಂಟು ಹಾಕಿಬಿಟ್ಟಿದೆ. ಬೆಳಿಗ್ಗೆ ಸೊಸೆಯ ಕಣ್ಣಿಗೆ ಬಿತ್ತು. ಮಗ ಹಾಸಿಗೆ ಎತ್ತಿದ, ಸೊಸೆ ಗುಂಡಿ ಡಬ್ಬಿಯನ್ನು ನೆಲಕ್ಕೆ ಸುರಿದಳು, ಚೂಟಿ ನನ್ನ ಮಡಿಲು ಹತ್ತಿ "ಅಜ್ಜಿ, ಆ!" ಎಂದಳು. ಸಿಕ್ಕಿದ್ದು ಬರೀ ಕ್ಯಾರೆಟ್ಟು. ಒಬ್ಬರೂ ನಂಬಲಿಲ್ಲ.