ಮಂದಿ ಹೊಲದಲ್ಲಿ ನಮ್ಮ ಚರಗ

ಎಲೆಅಡಿಕೆ ಬಿಟ್ಟೆ, ಚಹಾದಲ್ಲಿ ಸಕ್ಕರೆ ಬಿಟ್ಟೆ, ಡಾಕ್ಟರು ಹೇಳಿದರೆಂದು ರಾತ್ರಿಯ ಅನ್ನವನ್ನೂ ಬಿಟ್ಟೆ. ಆದರೆ ಹೊಸ ಮುಖ ಕಂಡ ಕೂಡಲೇ "ಯಾವೂರ್ರೀ ನಿಮ್ದು?" ಎಂದು ಕೇಳುವ ಚಟವನ್ನು ಮಾತ್ರ ಬಿಡಲು ನನ್ನಿಂದ ಆಗಿಲ್ಲ. ಬಸ್ಸಿನಲ್ಲಿ ಪಕ್ಕದವರು ಕೂರುವ ಮೊದಲೇ ಕೇಳಿರುತ್ತೇನೆ. ಒಮ್ಮೆ ಆಸ್ಪತ್ರೆಯಲ್ಲಿ ನರ್ಸಮ್ಮ ಸೂಜಿ ಹಿಡಿದು ನಿಂತು "ತಿರುಗಿ ಮಲಗಿ" ಎಂದಾಗ, ತಿರುಗುತ್ತಲೇ ಕೇಳಿದೆ. ಆಕೆ "ಕೇರಳ" ಎಂದು ಹೇಳಿ ಚುಚ್ಚಿದಳು. ಕೇರಳ ಎಷ್ಟು ದೂರವೆಂದು ನನಗೆ ಅವತ್ತು ಸೊಂಟದವರೆಗೂ ತಿಳಿಯಿತು. ನನ್ನ ಹೆಂಡತಿ ಶರಣಮ್ಮ ಹೇಳುವುದೇನೆಂದರೆ, "ಯಮ ಬಂದ್ರೂ ನೀವು ಮೊದಲ ಯಾವೂರು ಅಂತ ಕೇಳ್ತೀರಿ. ಆತ ಬ್ಯಾಸತ್ತು ವಾಪಸ್ ಹೋಗ್ತಾನ."

ಈ ಚಟದಿಂದಲೇ ನಾನು ನಮ್ಮ ಕಾಲೋನಿಯ ‘ಹೊಸಬರ ಬಳಗ’ಕ್ಕೆ ಅಧ್ಯಕ್ಷನಾದದ್ದು. ಸಿಂಧನೂರಿಗೆ ಹೊಸಬರ ಕೊರತೆಯಿಲ್ಲ. ಕಾಲುವೆಯ ನೀರಿನ ಬೆನ್ನು ಹತ್ತಿ ತೆಲುಗಿನವರು ಬಂದು ಕ್ಯಾಂಪು ಕಟ್ಟಿದರು. ಬಂಗಾಳಿಗಳ ಕ್ಯಾಂಪುಗಳೂ ಹಳೆಯವೇ. ಈಗ ಅಕ್ಕಿ ಮಿಲ್ಲಿಗೆ ಬಿಹಾರದವರು, ಆಸ್ಪತ್ರೆಗೆ ಕೇರಳದವರು, ಬ್ಯಾಂಕಿಗೆ ಎಲ್ಲೆಲ್ಲಿಯವರೋ ಬರುತ್ತಾರೆ. ಹೋಟೆಲಿನಲ್ಲಿ ಹೇಳಿದ ಚಹಾ ಮೇಜಿಗೆ ಬರುವಷ್ಟರಲ್ಲಿ ನಾಲ್ಕು ಭಾಷೆ ಕಿವಿಗೆ ಬಿದ್ದಿರುತ್ತವೆ. ಇಂಥವರಿಗೆ ಭಾನುವಾರ ಸಂಜೆ ನಾಲ್ಕು ಮಾತು ಕನ್ನಡ ಕಲಿಸಬೇಕು, ನಮ್ಮ ಹಬ್ಬಹುಣ್ಣಿಮೆ ಪರಿಚಯಿಸಬೇಕು, ರೇಷನ್ ಕಾರ್ಡು, ಶಾಲೆಯ ದಾಖಲಾತಿ ಎಂದರೆ ಜೊತೆಗೆ ಹೋಗಬೇಕು ಎಂಬುದು ಬಳಗದ ಉದ್ದೇಶ. ಉದ್ಘಾಟನೆಯ ದಿನ ಮೂವತ್ತು ಜನ ಬಂದಿದ್ದರು. ನಾನು ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ವಳಕಮದಿನ್ನಿಯ ಕಡೆಯ ಕಾಲುವೆ ತೂಬುಗಳನ್ನು ಕಣ್ಣು ಮುಚ್ಚಿ ತೋರಿಸಬಲ್ಲೆ. ಅದನ್ನೆಲ್ಲ ಹೇಳದೆ ಬಿಟ್ಟರೆ ಹೇಗೆ? ಒಂದೂಕಾಲು ಗಂಟೆ ಕಾಲುವೆಗಳ ಮೇಲೆ ಭಾಷಣ ಮಾಡಿದೆ. ಮುಂದಿನ ಭಾನುವಾರ ನಾಲ್ಕು ಜನ ಬಂದರು. ಅವರಲ್ಲಿ ಒಬ್ಬ ಹಿಂದಿನ ವಾರ ಮರೆತುಹೋದ ಕೊಡೆಗಾಗಿ ಬಂದವನು.

ಉಳಿದವರನ್ನು ಹಿಡಿದಿಟ್ಟಿದ್ದು ಶರಣಮ್ಮ. ಆಕೆ ಒಂದು ದಿನ ಹಂಚು, ಹಿಟ್ಟು ನಾದುವ ಕೊಣಮಿಗೆ ತಂದಿಟ್ಟು ರೊಟ್ಟಿ ಬಡಿಯುವುದನ್ನು ತೋರಿಸಿದಳು. ಮರುವಾರ ಇಪ್ಪತ್ತು ಜನ. ಮಿಲ್ಲಿನ ಬಿಹಾರಿ ಗಂಡಸರೂ ಬಡಿದರು. ನನ್ನನ್ನೂ ಕೂರಿಸಿದರು. ನನ್ನ ರೊಟ್ಟಿ ಭಾರತದ ನಕಾಶೆಯಾಗಿ ಶುರುವಾಗಿ, ಹಂಚಿಗೆ ಹೋಗುವಷ್ಟರಲ್ಲಿ ಮೂರು ರಾಜ್ಯ ಕಳಚಿಕೊಂಡಿತ್ತು.

ಆ ದಿನ ಎಲ್ಲರಿಗಿಂತ ದುಂಡಗೆ ಬಡಿದವಳು ಮೌಸುಮಿ. ಒಡಿಶಾದವಳು. ಗಂಡನಿಗೆ ಇಲ್ಲಿಯ ಬ್ಯಾಂಕಿನಲ್ಲಿ ಕೆಲಸ. ಎಂಟು ತಿಂಗಳಿಂದ ನಮ್ಮ ಪಕ್ಕದ ಮನೆಯಲ್ಲೇ ಬಾಡಿಗೆಗೆ ಇದ್ದರು. ತನ್ನ ಊರಲ್ಲಿ ಗಣಿತ ಕಲಿಸುತ್ತಿದ್ದ ಹುಡುಗಿ ಇಲ್ಲಿ ದಿನವಿಡೀ ಕಿಟಕಿಯ ಸರಳು ಎಣಿಸುತ್ತ ಕೂರುತ್ತಿದ್ದಳು. ಶರಣಮ್ಮನೊಬ್ಬಳೇ ಅವಳ ಗೆಳತಿ. ನಮಗೆ ಮಕ್ಕಳಿಲ್ಲ. ಮೌಸುಮಿ "ಅಕ್ಕಾ" ಎಂದು ಹಿತ್ತಲ ಬಾಗಿಲಿಂದ ಒಳಗೆ ಬಂದಳೆಂದರೆ ನನ್ನ ಹೆಂಡತಿಯ ಮೊಣಕಾಲು ನೋವು, ರಕ್ತದೊತ್ತಡ ಎರಡೂ ಮುಂಬಾಗಿಲಿಂದ ಹೊರಗೆ ಹೋಗುತ್ತಿದ್ದವು.

ಎಳ್ಳಮಾವಾಸ್ಯೆಗೆ ವಾರವಿದ್ದಾಗ ಒಂದು ಮಧ್ಯಾಹ್ನ ಶರಣಮ್ಮ ನನ್ನ ಮುಂದೆ ತಾಟನ್ನು ಕುಕ್ಕಿ ಇಟ್ಟಳು. "ಮೌಸುಮಿ ಹೊಂಟಾಳ," ಎಂದಳು. "ಎಲ್ಲಿಗೆ?" ಎಂದೆ. "ತವರಿಗೆ. ತಿರುಗಿ ಬರಂಗಿಲ್ಲಂತ. ಅಮಾಸಿ ಆದ ಮ್ಯಾಲ ಆಕಿ ಗಂಡ ಬದ್ಲಿಗೆ ಅರ್ಜಿ ಕೊಡ್ತಾನಂತ." ಯಾಕೆ, ಏನಾಯಿತು ಎಂದು ಕೇಳಿದೆ. ಶರಣಮ್ಮ ಹೇಳಿದಳು: "ಆಕಿ ಏನಂದಳು ಗೊತ್ತೇನು? ಇಲ್ಲಿ ಎಲ್ಲಾರೂ ಯಾವೂರು ಅಂತ ಕೇಳ್ತಾರಕ್ಕಾ. ಹೇಳಿದ ಮ್ಯಾಲ ಮುಂದ ಯಾರೂ ಏನೂ ಕೇಳಂಗಿಲ್ಲ ಅಂದಳು."

ಮುರಿದ ರೊಟ್ಟಿಯನ್ನು ತಾಟಿಗೇ ಇಟ್ಟೆ. ಎಂಟು ತಿಂಗಳಲ್ಲಿ ನಾನೇ ಆ ಹುಡುಗಿಯನ್ನು ನಾಲ್ಕು ಸಲ ಕೇಳಿದ್ದೆ. ನಾಲ್ಕು ಸಲವೂ ಅವಳು "ಒಡಿಶಾ" ಎಂದಿದ್ದಳು, ನಾಲ್ಕು ಸಲವೂ ನಾನು "ಹೌದೇನು, ಭಾಳ ದೂರ ಆತು" ಎಂದು ಹೇಳಿ ಪೇಪರಿಗೆ ತಲೆ ತೂರಿಸಿದ್ದೆ. ನಿಜ ಹೇಳುತ್ತೇನೆ, ನನಗೆ ನಾಚಿಕೆಯಾಯಿತು. ಶರಣಮ್ಮನ ಕಣ್ಣಲ್ಲಿ ನೀರು ನೋಡಿ ಇನ್ನೂ ಕೆಡುಕೆನಿಸಿತು. "ಈ ಹುಡುಗಿ ಹೋದ್ರ ನಿಮ್ಮ ಬಳಗದ ಬೋರ್ಡು ಒಲಿಗೆ ಹಾಕ್ತೀನಿ ನೋಡ್ರಿ," ಎಂದು ಆಕೆ ಒಳಗೆ ಹೋದಳು. ಬೋರ್ಡು ಒಳ್ಳೆಯ ಸಾಗವಾನಿಯದು.

ಆ ಗಾಬರಿಯಲ್ಲೇ ನಾನು ಸಾರಿಬಿಟ್ಟೆ: ಬಳಗದವರೆಲ್ಲ ಈ ಸಲ ಎಳ್ಳಮಾವಾಸ್ಯೆಗೆ ಹೊಲಕ್ಕೆ! ನಮ್ಮ ಕಡೆ ಅವತ್ತು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪೂಜಿಸಿ, ಎಲ್ಲ ಅಡಿಗೆಯನ್ನೂ ಕಲಸಿ ಬೆಳೆಯ ನಡುವೆ ಭೂಮಿತಾಯಿಗೆ ಚೆಲ್ಲುತ್ತ ಹೋಗುತ್ತಾರೆ. ಅದೇ ಚರಗ. ಆಮೇಲೆ ಊಟ. ಅವತ್ತು ದಾರಿಯಲ್ಲಿ ಹೋಗುವವರನ್ನೂ ಕರೆದು ಉಣಿಸಬೇಕು. ಹಬ್ಬವೇನೋ ಸರಿ, ಹೊಲವೆಲ್ಲಿ? ನನಗೆ ಕುಂಡದಲ್ಲಿ ತುಳಸಿಗಿಡ ಬಿಟ್ಟರೆ ಬೇರೆ ಜಮೀನಿಲ್ಲ. ಶರಣಮ್ಮನ ತವರು ಗುರುಗುಂಟಾ. ಅಲ್ಲಿ ಅವಳ ತಮ್ಮ ಬಸವರಾಜ ಜೋಳ, ಕಡಲೆ ಹಾಕಿದ್ದ. ಅವನ ಹೊಲಕ್ಕೇ ಹೋಗುವುದೆಂದು ಗೊತ್ತುಮಾಡಿದೆವು. ಅಡಿಗೆಗೆಂದು ಶರಣಮ್ಮ ಹಿಂದಿನ ದಿನವೇ ಹೋದಳು.

ಬಸವರಾಜ ಫೋನಿನಲ್ಲಿ, "ಮಾವಾ, ರೋಡಿಗೆ ಯಾರನ್ನಾರ ಕಳಸ್ತೀನಿ, ಹೊಲ ಸಿಗಂಗಿಲ್ಲ ನಿಮಗ," ಎಂದ. ನನಗೆ ಹೊಲ ಸಿಗುವುದಿಲ್ಲವೇ? "ನಿನ್ನ ಮದುವಿ ಮುಂಚೆ ಎರಡು ಸರ್ತಿ ಬಂದೀನಿ. ಗುಡ್ಡದ ತಿರುವು ದಾಟಿ ಎಡಕ್ಕ ಬಂಡಿ ದಾರಿ, ಬನ್ನಿ ಗಿಡ, ಬಾಜೂಕ ತಗಡಿನ ಶೆಡ್ಡು. ಸುಮ್ಮನಿರು," ಎಂದು ಫೋನು ಇಟ್ಟೆ.

ಅಮಾವಾಸ್ಯೆಯ ಬೆಳಿಗ್ಗೆ ಖಾಜಾನ ಟೆಂಪೋದಲ್ಲಿ ಹದಿನೈದು ಜನ ಹೊರಟೆವು. ಖಾಜಾ ಕನ್ನಡದಲ್ಲಿ ಗಾಡಿ ಓಡಿಸಿ ದಖನಿ ಉರ್ದುವಿನಲ್ಲಿ ಬೈಯುವ ಚಾಲಕ. ಮಿಲ್ಲಿನ ಬಿಹಾರಿ ಸಂಸಾರಗಳು, ನನ್ನನ್ನು ಚುಚ್ಚಿದ ನರ್ಸಮ್ಮ, ಮೌಸುಮಿ ಮತ್ತು ಅವಳ ಗಂಡ ಎಲ್ಲ ಇದ್ದರು. ಮಸ್ಕಿಯಲ್ಲಿ ಚಹಾ, ಲಿಂಗಸುಗೂರಿನಲ್ಲಿ ಇನ್ನೊಮ್ಮೆ ಚಹಾ. ಮೌಸುಮಿ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಗುರುಗುಂಟಾ ದಾಟಿದ ಮೇಲೆ ಗುಡ್ಡದ ತಿರುವು ಬಂತು. ಎಡಕ್ಕೆ ಬಂಡಿ ದಾರಿಗಳು ಮೂರಿದ್ದವು. ಖಾಜಾ ಗಾಡಿ ನಿಲ್ಲಿಸಿ, "ಸಾಹೇಬ್ರ, ಯಾರನ್ನಾರ ಕೇಳೂಣೇನ್ರಿ?" ಎಂದ. ಕಂಡವರನ್ನೆಲ್ಲ ಊರು ಕೇಳುವ ನನಗೆ ದಾರಿ ಕೇಳುವುದೆಂದರೆ ಮಾತ್ರ ಅವಮಾನ. "ಮೂವತ್ತು ವರ್ಷ ನಕಾಶೆ ನೋಡೀನಿ ಖಾಜಾ, ನಡುವಿಂದಕ್ಕ ಹೊಡಿ," ಎಂದೆ. "ನಕಾಶ್ಯಾಗ ಬನ್ನಿ ಗಿಡ ಇರಂಗಿಲ್ಲಲ್ರೀ," ಎಂದು ಗೊಣಗುತ್ತ ಅವನು ನಡುವಿನದಕ್ಕೇ ಹೊಡೆದ.

ಹೋಗಿ ನೋಡಿದರೆ ಬನ್ನಿ ಗಿಡ ಇದೆ, ತಗಡಿನ ಶೆಡ್ಡಿದೆ! ಸುಣ್ಣ ಹಚ್ಚಿದ ಐದು ಕಲ್ಲು, ಪೂಜೆಯಾಗಿದೆ, ಊದುಬತ್ತಿ ಇನ್ನೂ ಹೊಗೆಯಾಡುತ್ತಿದೆ. ಕಂಬಳಿ ಹಾಸಿದೆ. ಪಾತ್ರೆಗಳ ಮೇಲೆ ಬಟ್ಟೆ ಮುಚ್ಚಿ ಕಲ್ಲು ಹೇರಿದೆ. ಚರಗದ ಬುಟ್ಟಿ ತುಂಬಿ ಇಟ್ಟಿದೆ. ಜನ ಮಾತ್ರ ಒಬ್ಬರೂ ಇಲ್ಲ. ನಾನು ಖಾಜಾನತ್ತ ಗೆದ್ದ ನಗೆ ನಕ್ಕೆ. ನೀರು ತರಲು ಹೋಗಿರಬೇಕು ಎಂದುಕೊಂಡೆ. ಫೋನು ಮಾಡಿದರೆ ಸಿಗ್ನಲ್ಲಿಲ್ಲ. ಹೊತ್ತು ನೆತ್ತಿಗೆ ಬಂದಿತ್ತು, ಮಕ್ಕಳು ಹಸಿದಿದ್ದವು. "ಅವರು ಬರೂತನ ನಾವು ಚರಗ ಚೆಲ್ಲೂಣು," ಎಂದು ಬುಟ್ಟಿಯನ್ನು ಮೌಸುಮಿಯ ಕೈಗೆ ಕೊಟ್ಟೆ. ಶಾಸ್ತ್ರ ವಿವರಿಸಿದೆ: ಮುಂದೆ ಒಬ್ಬರು ಚೆಲ್ಲಬೇಕು, ಹಿಂದೆ ಒಬ್ಬರು ತಂಬಿಗೆಯಿಂದ ನೀರು ಹಾಕಬೇಕು, ಎಲ್ಲರೂ "ಹುಲ್ಲುಲ್ಲಿಗೋ, ಚಲಾಂಬರಿಗೋ" ಎಂದು ಕೂಗಬೇಕು. "ಹಾಗಂದರೆ ಏನು?" ಎಂದು ಮೌಸುಮಿ ಹಿಂದಿಯಲ್ಲಿ ಕೇಳಿದಳು. ಅದು ನನಗೂ ಗೊತ್ತಿಲ್ಲ. ಊರಿಗೊಂದು ಥರ ಕೂಗುತ್ತಾರೆ. "ಜೋರಾಗಿ ಕೂಗಿದರೆ ಅರ್ಥವಾಗುತ್ತದೆ," ಎಂದೆ.

ಕೂಗಿದರು ನೋಡಿ! ಬಿಹಾರಿಗಳ ಗಂಟಲು ಮಿಲ್ಲಿನ ಸದ್ದಿನಲ್ಲಿ ಪಳಗಿದ್ದು. ನರ್ಸಮ್ಮ ಸೀರೆ ಎತ್ತಿ ಕಟ್ಟಿ ನೀರು ಹಾಕಿದಳು. ಜೋಳ ಎದೆಮಟ್ಟ ನಿಂತಿತ್ತು. ಮೌಸುಮಿ ಮೊದಲು ಚಮಚೆಯಷ್ಟು ಚೆಲ್ಲಿದಳು, ಆಮೇಲೆ ಹಿಡಿ ಹಿಡಿ. ಎರಡನೆಯ ಮೂಲೆಗೆ ಹೋಗುವಷ್ಟರಲ್ಲಿ ಓಡುತ್ತಿದ್ದಳು, ನಗುತ್ತಿದ್ದಳು. ಎಂಟು ತಿಂಗಳಲ್ಲಿ ಆ ಹುಡುಗಿ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅವಳ ಗಂಡ ಫೋಟೋ ತೆಗೆಯುವುದನ್ನೂ ಮರೆತು ನಿಂತಿದ್ದ. ನನಗೆ ಖುಷಿಯಲ್ಲಿ ಕಣ್ಣು ಮಂಜಾಯಿತು. ಮಂಜಾದ ಕಣ್ಣಿನಿಂದ ಪಾತ್ರೆಗಳ ಮೇಲಿನ ಬಟ್ಟೆ ತೆಗೆದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೊಸರನ್ನ. ಯಾರೂ ಬರುವ ಸುಳಿವಿಲ್ಲ. ಬಡಿಸಿಯೇ ಬಿಟ್ಟೆವು. "ಅಕ್ಕ ಇವತ್ತು ಉಪ್ಪು ಮರೆತಿದ್ದಾರೆ," ಎಂದು ಮೌಸುಮಿ ಎಣ್ಣೆಗಾಯಿ ಬಾಯಿಗಿಟ್ಟು ಹೇಳಿದಾಗಲೇ ನನಗೆ ಸಂಶಯ ಬರಬೇಕಿತ್ತು. ಶರಣಮ್ಮ ಉಪ್ಪು ಮರೆಯುವವಳಲ್ಲ.

ಹೋಳಿಗೆ ಮುಗಿದು ಮೊಸರನ್ನಕ್ಕೆ ಕೈ ಹಾಕಿದ್ದೆವು. ಕೋಲೂರಿಕೊಂಡು ಒಬ್ಬ ಅಜ್ಜಿ ಬಂದರು, ಹಿಂದೆ ನಾಲ್ಕೈದು ಜನ. ಅವರಲ್ಲಿ ಬಸವರಾಜನಿಲ್ಲ, ಶರಣಮ್ಮನಿಲ್ಲ. ಅಜ್ಜಿ ನಿಂತು ಖಾಲಿ ಬುಟ್ಟಿ ನೋಡಿದರು, ಖಾಲಿ ಪಾತ್ರೆ ನೋಡಿದರು, ಕೊನೆಗೆ ನನ್ನ ಕೈಯಲ್ಲಿದ್ದ ತುತ್ತನ್ನು ನೋಡಿದರು. "ಯಾರಪಾ ನೀವು?" ಎಂದರು. "ನನ್ನ ಹೊಲದಾಗ ಏನ್ ನಡಿಸೀರಿ?"

ನನ್ನ ಜೀವ ಹೋಯಿತು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗೋಣವೆಂದರೆ ಭೂಮಿತಾಯಿಗೆ ಆಗಷ್ಟೇ ಊಟ ಮಾಡಿಸಿದ್ದೆವು, ಆಕೆ ಮಲಗಿದ್ದಳು. ಮುಗಿಯಿತು, ಇನ್ನು ಈ ಅಜ್ಜಿ ಎಲ್ಲರೆದುರು ಉಗಿಯುತ್ತಾಳೆ, ಮೌಸುಮಿ ನಾಳೆಯೇ ರೈಲು ಹತ್ತುತ್ತಾಳೆ ಎಂದುಕೊಂಡೆ. ಆಗ ಮೌಸುಮಿ ಎದ್ದಳು. ಇವತ್ತು ಯಾರು ಬಂದರೂ ಮೊದಲು ಇಷ್ಟು ಹೇಳಬೇಕೆಂದು ಶರಣಮ್ಮ ಅವಳಿಗೆ ಬಾಯಿಪಾಠ ಮಾಡಿಸಿದ್ದಳಂತೆ. ಅಜ್ಜಿಯ ಮುಂದೆ ಹೋಗಿ ಕೈ ಹಿಡಿದು, ತಡವರಿಸದೆ ಹೇಳಿದಳು: "ಬರ್ರಿ ಅಮ್ಮಾ. ಕುಂದರ್ರಿ. ಊಟ ಮಾಡ್ರಿ."

ಬೈಯಲು ಬಾಯಿ ತೆರೆದಿದ್ದ ಅಜ್ಜಿ ನಗಲು ಶುರು ಮಾಡಿದರು. ನಕ್ಕು ನಕ್ಕು ನಿಲ್ಲಲಾರದೆ ಕಂಬಳಿಯ ಮೇಲೆ ಕೂತರು. "ಅಯ್ಯ ನನ್ನವ್ವ! ನನ್ನ ಹೊಲದಾಗ ನನ್ನ ಬುತ್ತಿಗೆ ನನ್ನ ಕರೀತಾಳಲ್ಲ ಈಕಿ!" ಅವರ ಹೆಸರು ಮಲ್ಲಮ್ಮ. ಮೊಣಕಾಲು ಹಿಡಿದಿದ್ದರಿಂದ ತಮಗೆ ಚರಗ ಚೆಲ್ಲಲು ಆಗದೆ, ಸೊಸೆಯೊಬ್ಬಳೇ ಸಾಲದೆಂದು, ಅವಳ ಜೊತೆ ಬಾಜೂ ಹೊಲದವರನ್ನು ಕರೆಯಲು ಹೋಗಿದ್ದರಂತೆ. "ಚರಗ ನಾಕೂ ಮೂಲಿಗೆ ಚೆಲ್ಲೀರೇನವ್ವಾ?" ಎಂದು ಕೇಳಿದರು. ಖಾಜಾ ಅದನ್ನು ಮೌಸುಮಿಗೆ ದಖನಿಯಲ್ಲಿ ತಿಳಿಸಿದ. "ನಾಕೂ ಅಮ್ಮಾ. ಓಡಿ ಓಡಿ," ಎಂದಳು ಮೌಸುಮಿ. "ಎಣ್ಣಿಗಾಯಿ ಹೆಂಗಿತ್ತು?" "ಛಲೋ ಐತಿ. ಉಪ್ಪು ಕಡಿಮಿ." ಮಲ್ಲಮ್ಮ ಹಿಂದೆ ತಿರುಗಿ, "ಕೇಳಿದೇನ? ಮುಂಜಾನಿಂದ ನಾ ಇದನ್ನ ಹೇಳಾಕತ್ತೀನಿ!" ಎಂದು ಸೊಸೆಗೆ ಹೇಳಿದರು. ನಿನ್ನ ಹೆಸರೇನು, ಏನು ಓದಿದ್ದಿ, ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೀಯಾ, ನಿಮ್ಮ ಕಡೆ ಹೊಲಕ್ಕೆ ಏನು ಉಣಿಸುತ್ತಾರೆ ಎಂದು ಅವರು ಕೇಳಿದ್ದೇ ಕೇಳಿದ್ದು. ಖಾಜಾ ಹೇಳಿ ಹೇಳಿ ಬೆವೆತ. ಯಾವೂರು ಎಂಬುದೊಂದನ್ನು ಮಾತ್ರ ಮಲ್ಲಮ್ಮ ಕೇಳಲೇ ಇಲ್ಲ. ಅಷ್ಟಾದ ಮೇಲೆ ನನ್ನತ್ತ ಕೋಲು ತೋರಿಸಿದರು. "ಈ ಮನಷಾ ಯಾರವ್ವಾ?"

ಮೌಸುಮಿ ನನ್ನನ್ನು ನೋಡಿದಳು, ತನಗೆ ಗೊತ್ತಿದ್ದ ಕನ್ನಡದಲ್ಲಿ ಹುಡುಕಿದಳು. "ನಮ್ಮ ಸಾಹೇಬ್ರು," ಎಂದಳು. "ಪಾಪ, ಹೊಸಬರು."

ಅಷ್ಟರಲ್ಲಿ ನಮ್ಮನ್ನು ಹುಡುಕುತ್ತ ಶರಣಮ್ಮ, ಬಸವರಾಜ ಬಂದರು. ಅವನ ಹೊಲ ಮೂರನೆಯ ದಾರಿಯಲ್ಲಿತ್ತು. ಶರಣಮ್ಮ ಏನೂ ಬೈಯಲಿಲ್ಲ. ಮೌಸುಮಿಯ ಕೆನ್ನೆಗೆ ಹತ್ತಿದ್ದ ಚರಗವನ್ನು ಸೆರಗಿನಿಂದ ಒರೆಸಿದಳು, ಅಷ್ಟೆ. ಮಲ್ಲಮ್ಮನ ಮನೆಮಂದಿಯನ್ನೂ ಕರೆದುಕೊಂಡು ಆ ಹೊಲಕ್ಕೆ ಹೋಗಿ ಎರಡನೆಯ ಊಟ ಮಾಡಿದೆವು. ಸಿಂಧನೂರಿಗೆ ಹಿಂತಿರುಗುವಾಗ ಟೆಂಪೋ ನರಳುತ್ತಿತ್ತು.

ಬದಲಿಯ ಅರ್ಜಿ ಕೊಡಲೇ ಇಲ್ಲ. ಮೌಸುಮಿ ಈಗ ಮಿಲ್ಲಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ, ಬಳಗಕ್ಕೂ ಅವಳೇ ಅಧ್ಯಕ್ಷೆ. ಬೋರ್ಡು ಒಲೆಗೆ ಹೋಗಲಿಲ್ಲ. ನಾನು ಹಿಂದಿನ ಬೆಂಚಿಗೆ ಹೋದೆ. ಮೊನ್ನೆ ಭಾನುವಾರ ಅಸ್ಸಾಮಿನ ಕಡೆಯ ಒಬ್ಬ ತರುಣ ಹೊಸದಾಗಿ ಬಂದು ನನ್ನ ಪಕ್ಕದಲ್ಲೇ ಕೂತ. ಕೇಳಲು ಬಾಯಿ ತುರಿಸಿತು. ಮೌಸುಮಿ ಮುಂದಿನಿಂದ ಕಣ್ಣು ಬಿಟ್ಟಳು. ಬಂದ ಪ್ರಶ್ನೆಯನ್ನು ನುಂಗಿಕೊಂಡು, "ಊಟ ಆತೇನ್ರಿ?" ಎಂದು ಕೇಳಿದೆ. "ಆತ್ರಿ," ಎಂದ ಆತ. ಊರಲ್ಲಿ ನಾಲ್ಕು ದಿನ ಇದ್ದು ಕಲಿತ ಇನ್ನೊಂದೇ ಮಾತು ಅವನ ಬಳಿ ಇತ್ತು. ನಗುತ್ತ ಅದನ್ನೂ ಬಳಸಿದ: "ಯಾವೂರ್ರೀ ನಿಮ್ದು?"

ಹುಟ್ಟಿದ್ದು ಮುದಗಲ್, ಮೂವತ್ತು ವರ್ಷದಿಂದ ಸಿಂಧನೂರು, ಉಂಡದ್ದು ಗುರುಗುಂಟಾದ ಮಂದಿ ಹೊಲದಲ್ಲಿ. ಯಾವುದನ್ನು ಹೇಳಲಿ? "ನಾನೂ ಹೊಸಬನಽ ಅದೀನಪಾ," ಎಂದೆ. "ದಾರಿ ಇನ್ನೂ ಗೊತ್ತಾಗಿಲ್ಲ."