ಮೂವತ್ತಾರು ಇಂಚಿನ ಗೆಲುವು

ಅಂಗಡಿಯಿಂದ ಒಂದು ರಬ್ಬರ್ ಪಟ್ಟಿ ತಂದಿದ್ದರೆ ಟೈಲರ್ ಮರ್ಯಾದೆ ಉಳಿಯುತ್ತಿತ್ತು.

ಅವರ ಹೆಂಡತಿಯ ತಮ್ಮ ಜಿಮ್ ನಡೆಸುವವನು. "ಭಾವ, ಪಟ್ಟಿಯ ಒಂದು ತುದೀನ ಕಾಲಡಿ ಒತ್ತಿ ಹಿಡ್ಕೊಂಡು, ಇನ್ನೊಂದು ತುದೀನ ಮೇಲಕ್ಕೆ ಎಳೀಬೇಕು. ದಿನಾ ನೂರು ಸಲ," ಎಂದು ತಿಂಗಳ ಹಿಂದೆ ಹೇಳಿಕೊಟ್ಟಿದ್ದ. ಟೈಲರಿಗೆ ನಗು ಬಂತು. ಇಪ್ಪತ್ತು ವರ್ಷದಿಂದ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿರುವಾಗ ಪಟ್ಟಿ ಹುಡುಕಿಕೊಂಡು ಹೋಗುವುದೆಂದರೆ ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ. ಅಂದಿನಿಂದ ಅಂಗಡಿಯ ಬಾಗಿಲು ತೆಗೆಯುವ ಮೊದಲು ಆ ಬಟ್ಟೆ ಟೇಪನ್ನೇ ನೂರು ಸಲ ಎಳೆದು, ಬೆವರು ಒರೆಸಿಕೊಂಡು, ಮತ್ತೆ ಕೊರಳಿಗೆ ಹಾಕಿಕೊಳ್ಳುತ್ತಿದ್ದರು.

ಅವರಿಗೆ ಇಷ್ಟು ಶ್ರದ್ಧೆ ಬರಲು ಕಾರಣ ಹೆಂಡತಿ ಹಾಕಿದ ಷರತ್ತು. "ಈಗ ಸೊಂಟ ಮೂವತ್ತೆಂಟು. ಹಬ್ಬದ ರಜೆಯ ದಿನ ಸಂಜೆ ಆರು ಗಂಟೆಗೆ ಅಳೀತೀನಿ. ಮೂವತ್ತಾರು ಇದ್ರೆ ವರ್ಷವಿಡೀ ಏನು ಬೇಕಾದ್ರೂ ತಿನ್ನಿ, ನಾನು ತುಟಿ ಪಿಟಿಕ್ ಅನ್ನಲ್ಲ. ಒಂದು ಕೂದಲೆಳೆ ಜಾಸ್ತಿ ಇದ್ರೂ ಮಾರನೇ ದಿನದಿಂದ ನೆನೆಸಿದ ಕಾಳು, ಸೌತೆಕಾಯಿ. ಅಷ್ಟೇ."

ಕರಿದ ತಿಂಡಿ ಇಲ್ಲದ ವರ್ಷವನ್ನು ಟೈಲರಿಗೆ ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ. ಆದರೆ ರಜೆಯ ಹಿಂದಿನ ದಿನ ತಾವೇ ಅಳೆದುಕೊಂಡಾಗ ಸರಿಯಾಗಿ ಮೂವತ್ತಾರು ಬಂದಿತ್ತು. ಊರಿಗೆಲ್ಲ ಪ್ಯಾಂಟು ಹೊಲಿದು ತಾವು ಮಾತ್ರ ಲಾಡಿ ಪೈಜಾಮದಲ್ಲೇ ಓಡಾಡುವವರಾದ್ದರಿಂದ ಅವರಿಗೆ ಟೇಪಿನ ಮಾತೇ ವೇದವಾಕ್ಯ.

ರಜೆಯ ಬೆಳಿಗ್ಗೆ ಮೊದಲು ಬಂದವರು ಎದುರಿನ ಬೇಕರಿಯವರು. ಹೊಸ ಪ್ಯಾಂಟಿನ ಗುಂಡಿ ತೂತಿನಿಂದ ನಾಲ್ಕು ಬೆರಳು ದೂರ ನಿಂತಿತ್ತು.

"ಟೈಲರ್ರೇ, ಎಲ್ಲೋ ಎಡವಟ್ಟಾಗಿದೆ. ಉಸಿರಾಡೋಕಾಗ್ತಿಲ್ಲ."

ಟೈಲರ್ ಅಳತೆ ಪುಸ್ತಕ ತೆರೆದರು. ಮೂವತ್ತಾರು. ಪ್ಯಾಂಟನ್ನು ಕತ್ತರಿಸುವ ಮೇಜಿನ ಅಂಚಿಗೆ ಬಡಿದಿದ್ದ ಹಿತ್ತಾಳೆ ಸ್ಕೇಲಿನ ಮೇಲಿಟ್ಟು ನೋಡಿದರು. ಮೂವತ್ತಾರೇ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವಾರದಲ್ಲಿ ಎಷ್ಟು ಕೇಕು ರುಚಿ ನೋಡಿದ್ರಿ, ನೆನಪು ಮಾಡ್ಕೊಳ್ಳಿ," ಎಂದರು.

ಬೇಕರಿಯವರು ನೆನಪು ಮಾಡಿಕೊಂಡರು. ಮುಖ ಸಣ್ಣಗಾಯಿತು. ಹತ್ತು ನಿಮಿಷದಲ್ಲಿ ತಮಗೆಂದು ತೆಗೆದಿಟ್ಟಿದ್ದ ಬೆಣ್ಣೆ ಬಿಸ್ಕತ್ತಿನ ಡಬ್ಬಿಯನ್ನು ತಂದು ಟೈಲರ ಮೇಜಿನ ಮೇಲಿಟ್ಟರು. "ಇದು ನನ್ನ ಕಣ್ಣಿಗೆ ಬೀಳಬಾರದು. ನೀವಾದ್ರೆ ಕಸರತ್ತು ಮಾಡೋರು, ಅರಗಿಸ್ಕೋತೀರಿ."

ಅವರ ಹಿಂದೆಯೇ ಅಂಗಡಿಯ ಮೇಲಿನ ಮೂರನೇ ಮಹಡಿಯ ನಿವೃತ್ತ ಹೆಡ್‌ಮಾಸ್ತರು ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದರು. ಅವರಿಗೂ ಪುಸ್ತಕ, ಸ್ಕೇಲು, ಕುಣಿಯಲಾರದವಳ ಗಾದೆ.

"ನಲವತ್ತು ವರ್ಷ ಮಕ್ಕಳಿಗೆ ಮಿತಾಹಾರದ ಪಾಠ ಹೇಳ್ದೆ," ಎಂದು ಮಾಸ್ತರು ನೊಂದುಕೊಂಡು ಹಾಲಿನ ಸಿಹಿಯ ಪಾತ್ರೆಯನ್ನೇ ಕಳಿಸಿಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಬೀದಿಯ ಹನ್ನೊಂದು ಮನೆಗಳ ತಿಂಡಿ ಟೈಲರ ಮೇಜಿಗೆ ಬಂದಿತ್ತು. ಅವರು ಒಂದು ತಟ್ಟೆ ತಿನ್ನುವುದು, ಮೂರು ಮಹಡಿ ಹತ್ತಿ ಇಳಿಯುವುದು, ಮತ್ತೆ ಒಂದು ತಟ್ಟೆ. ಪ್ರತಿ ಮಹಡಿಯಲ್ಲೂ ಬಾಗಿಲಲ್ಲಿ ನಿಂತವರು ಅವರನ್ನು ಗೌರವದಿಂದ ನೋಡಿ ಇನ್ನೊಂದು ತುಂಡು ಕೈಗಿಡುತ್ತಿದ್ದರು. ಟೈಲರ್ ಬೇಡವೆನ್ನಲಿಲ್ಲ. ಜೀವನದಲ್ಲಿ ಅಷ್ಟು ಸಂತೋಷದ ರಜೆ ಅವರಿಗೆ ಸಿಕ್ಕಿರಲೇ ಇಲ್ಲ.

ಆರು ಗಂಟೆಗೆ ಅಂಗಡಿ ತುಂಬಿತು. ಭಾವಮೈದನೂ ಬಂದ. ಅವನದೂ ಭಾವನೇ ಹೊಲಿದ ಹೊಸ ಪ್ಯಾಂಟು. ಬಿಚ್ಚಿದ ಗುಂಡಿ ಕಾಣದಿರಲೆಂದು ಅಂಗಿಯನ್ನು ಹೊರಗೆ ಇಳಿಬಿಟ್ಟು, ಸೊಂಟ ಕರಗಲೆಂದು ಬೆಳಿಗ್ಗೆಯಿಂದ ಎರಡು ಸುತ್ತು ಓಡಿ ಬಂದಿದ್ದ. ಬರೀ ಸೌತೆಕಾಯಿ ತಿಂದಿದ್ದ. ಯಾರಿಗೂ ಹೇಳಿರಲಿಲ್ಲ.

ಹೆಂಡತಿ ಟೇಪನ್ನು ಗಂಡನ ಕೊರಳಿನಿಂದ ತೆಗೆದು ಸೊಂಟಕ್ಕೆ ಸುತ್ತಿದಳು. ಸೇರುವ ಜಾಗವನ್ನು ಉಗುರಿನಿಂದ ಒತ್ತಿ ಹಿಡಿದು ಕಣ್ಣು ಕಿರಿದು ಮಾಡಿದಳು.

"ಮೂವತ್ತಾರು," ಎಂದಳು. ದನಿಯಲ್ಲಿ ನಂಬಿಕೆ ಇರಲಿಲ್ಲ.

ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಬೇಕರಿಯವರು ಟೈಲರನ್ನು ಅಪ್ಪಿಕೊಳ್ಳಲು ಹೋಗಿ, ಪ್ಯಾಂಟು ನೆನಪಾಗಿ ಹಿಂದೆ ಸರಿದರು. ಟೈಲರ್ ಒಂದು ಬಿಸ್ಕತ್ತನ್ನು ಎತ್ತಿ ಹಿಡಿದು, "ಬೆವರು ಸುರಿಸಿದವನಿಗೆ ಬೆಣ್ಣೆ ಏನೂ ಮಾಡಲ್ಲ," ಎಂದು ಭಾಷಣ ಶುರು ಮಾಡಿದರು.

"ಭಾವ, ಅಷ್ಟೂ ತಿಂದು ಮೂವತ್ತಾರು ಹೇಗಾಗುತ್ತೆ? ಅಕ್ಕನ ಬೆರಳು ಜಾರಿರಬೇಕು," ಎಂದ ಭಾವಮೈದ.

ಟೈಲರಿಗೆ ರೇಗಿತು. ಅಲ್ಲಿಗೆ ಸುಮ್ಮನಿದ್ದರೆ ಗೆದ್ದಿರುತ್ತಿದ್ದರು. "ಆ ಉಗುರು ಹಾಗೇ ಇರಲಿ ಕಣೇ. ಟೇಪನ್ನ ತಂದು ಹಿತ್ತಾಳೆ ಸ್ಕೇಲಿನ ಮೇಲಿಡು. ನನ್ನಪ್ಪ ಬಡಿದ ಸ್ಕೇಲು, ಅದು ಯಾರ ಮುಲಾಜಿಗೂ ಬೀಳಲ್ಲ. ಎಲ್ಲಾರೂ ಬಂದು ನೋಡಿ."

ಎಲ್ಲರೂ ಬಗ್ಗಿದರು. ಟೇಪಿನ ಮೂವತ್ತಾರು ಹಿತ್ತಾಳೆಯ ಮೂವತ್ತೆಂಟರ ಮೇಲೆ ಹಾಯಾಗಿ ಮಲಗಿತ್ತು.

ಮೊದಲು ಅರ್ಥವಾದದ್ದು ಹೆಡ್‌ಮಾಸ್ತರಿಗೆ. "ಅಂದ್ರೆ ನಮ್ಮನ್ನ ಅಳೆದದ್ದು ಹಿಗ್ಗಿದ ಈ ಟೇಪಲ್ಲಿ. ಬಟ್ಟೆ ಕತ್ತರಿಸಿದ್ದು ಆ ಸ್ಕೇಲಲ್ಲಿ."

"ಅಂದ್ರೆ ನಾವು ದಪ್ಪ ಆಗಿಲ್ಲ," ಎಂದರು ಬೇಕರಿಯವರು, ಮೆಲ್ಲಗೆ. ಆಮೇಲೆ ಅದನ್ನೇ ಬೀದಿಗೆ ಕೇಳುವಂತೆ ಕೂಗಿದರು.

ಅಂಗಡಿಯಲ್ಲಿ ಎದ್ದ ಜಯಘೋಷಕ್ಕೆ ಹಿಂದಿನ ಚಪ್ಪಾಳೆ ಏನೂ ಅಲ್ಲ. ಎಲ್ಲರಿಗಿಂತ ಜೋರಾಗಿ ಕುಣಿದವನು ಭಾವಮೈದ. ಅಂಗಿ ಎತ್ತಿ ಬಿಚ್ಚಿದ ಗುಂಡಿಯನ್ನು ಊರಿಗೇ ತೋರಿಸಿದ. ಆಮೇಲೆ ಎಲ್ಲರ ಕಣ್ಣೂ ಒಟ್ಟಿಗೆ ಮೇಜಿನ ಕಡೆ ತಿರುಗಿತು. ಹನ್ನೊಂದು ಮನೆಯ ತಿಂಡಿಯಲ್ಲಿ ಉಳಿದದ್ದು ಟೈಲರ ಕೈಯಲ್ಲಿದ್ದ ಒಂದು ಬಿಸ್ಕತ್ತು. ಮಾಸ್ತರು ಅದನ್ನೂ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆನ್ನುವುದು ಇದಕ್ಕೇ.

ಮರುದಿನ ಬೆಳಿಗ್ಗೆ ಭಾವಮೈದನದೂ ಸೇರಿ ಹನ್ನೆರಡು ಪ್ಯಾಂಟುಗಳ ಹೊಲಿಗೆ ಬಿಚ್ಚಿ, ಸೊಂಟ ದೊಡ್ಡದು ಮಾಡುತ್ತಾ ಟೈಲರ್ ಮೆಷಿನ್ ತುಳಿಯುತ್ತಿದ್ದರು. ಹೆಂಡತಿ ನೆನೆಸಿದ ಕಾಳಿನ ಬಟ್ಟಲನ್ನು ಪಕ್ಕದಲ್ಲಿಟ್ಟು, ಮಾತಿಗೆ ತಪ್ಪದೆ, ತುಟಿ ಪಿಟಿಕ್ ಎನ್ನದೆ ಒಳಗೆ ಹೋದಳು.

ಭಾವಮೈದ ಬಂದು ಕಾಗದದಲ್ಲಿ ಸುತ್ತಿದ್ದ ರಬ್ಬರ್ ಪಟ್ಟಿಯನ್ನು ಅವರ ಕೊರಳಿಗೆ ಹಾಕಿದ.

"ಇನ್ಮೇಲೆ ಇದನ್ನ ಎಳೀರಿ ಭಾವ. ಇದರ ಮೇಲೆ ನಂಬರಿಲ್ಲ."